ಹೊರೆ ಹೊತ್ತ ದೊರೆ

ಮ್ಯಾನೇಜರು ತಮ್ಮ ನಾಯಿಯ ಹಗ್ಗವನ್ನು ತಂದು ಮಾಯಪ್ಪನ ಕೈಗೆ ಕೊಟ್ಟಾಗ, ಬೆಟ್ಟದ ಬುಡದಲ್ಲಿ ನೆರೆದಿದ್ದ ಛತ್ರಿ ಕಂಪನಿಯ ಸಮಸ್ತರೂ ಗಪ್‌ಚಿಪ್ಪಾದರು. ಬಾಳೆಹಣ್ಣು ಸುಲಿಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಬಸ್ಸಿನ ಡ್ರೈವರ್ ಕೂಡ ಕಿಟಕಿಯಿಂದ ತಲೆ ಹೊರಗೆ ಹಾಕಿದ.

ಯಾಕೆಂದರೆ ಮಾಯಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇವನ ಕೈಗೆ ಕೊಟ್ಟದ್ದೆಲ್ಲ ಮಾಯವಾಗುತ್ತದೆ ಎಂದು ಕಂಪನಿಯವರು ಪ್ರೀತಿಯಿಂದ ದಯಪಾಲಿಸಿದ ಬಿರುದು. ಕೆಲಸ ಛತ್ರಿ ಕಂಪನಿಯ ಸ್ಟೋರಿನಲ್ಲಿ, ಕತ್ತೆತ್ತಿದಲ್ಲೆಲ್ಲ ಛತ್ರಿ, ಆದರೂ ಮಳೆ ಬಂದ ದಿನ ತೊಪ್ಪೆಯಾಗಿ ಮನೆಗೆ ಹೋಗುವವನು ಅವನೊಬ್ಬನೇ. ಪೆನ್ನು, ಕನ್ನಡಕ, ಊಟದ ಡಬ್ಬಿ ಕಳೆಯುವುದು ಬಿಡಿ, ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ಈ ಪುಣ್ಯಾತ್ಮ ಒಮ್ಮೆ ಸ್ಟೋರಿನ ಏಣಿಯನ್ನೇ ಕಳೆದಿದ್ದ. ಆಳಿಗಿಂತ ಎತ್ತರದ ಏಣಿ! ಇವತ್ತಿಗೂ ಸಿಕ್ಕಿಲ್ಲ.

ಇಂಥವನ ಕೈಗೆ ದೊರೆಯನ್ನು ಕೊಡುವುದೆಂದರೆ! ದೊರೆ ಅನ್ನುವುದು ನಾಯಿಯ ಹೆಸರು. ಮ್ಯಾನೇಜರ ಹೆಂಡತಿ ಇಟ್ಟದ್ದು. ಆಕೆಗೆ ಅವನೇ ಕಣ್ಮಣಿ, ಅವನೇ ಉಸಿರು. ಆಕೆ ತಿನ್ನಿಸಿ ತಿನ್ನಿಸಿ ಅವನು ಉರುಳುವ ದಿಂಬಿನಂತಾಗಿದ್ದ. ಕೊನೆಗೆ ಪಶುವೈದ್ಯರು, ‘ಇವನು ನಡೀಬೇಕು, ಕೊಬ್ಬು ಕರಗಬೇಕು’ ಎಂದು ಗದರಿಸಿದ ಮೇಲೆ ದೊರೆಯೂ ಕಂಪನಿಯವರ ಜೊತೆ ಬೆಟ್ಟ ಹತ್ತುವುದೆಂದು ತೀರ್ಮಾನವಾಯಿತು. ವರ್ಷಕ್ಕೊಮ್ಮೆ ನಡೆಯುವ ಈ ಚಾರಣದಲ್ಲಿ ಕಂಪನಿಗೆ ಒಂದೇ ಕಾನೂನು: ಅವರವರ ಹೊರೆ ಅವರವರೇ ಹೊರಬೇಕು. ನಾಯಿಗೆ ಮಾತ್ರ ಯಾಕೆ ರಿಯಾಯಿತಿ ಎಂದು ಹೊಲಿಗೆ ವಿಭಾಗದ ಹಿರಿಯಕ್ಕ, ಎಲ್ಲರೂ ಹೊಲಿಗೆಯಕ್ಕ ಎಂದು ಕರೆಯುವಾಕೆ, ಕಪ್ಪು ಛತ್ರಿಬಟ್ಟೆಯಲ್ಲಿ ದೊರೆಗೊಂದು ಚೀಲ ಹೊಲಿದಿದ್ದಳು. ಎರಡೂ ಪಕ್ಕೆಗೆ ಒಂದೊಂದು ಜೇಬು, ಹೊಟ್ಟೆಯ ಕೆಳಗೆ ಪಟ್ಟಿ, ಬೆನ್ನಿನ ಮೇಲೆ ಹಿಡಿಕೆ. ಚೀಲ ತುಂಬಿದ್ದು ಮಾತ್ರ ಮ್ಯಾನೇಜರೇ, ಸ್ವಹಸ್ತದಿಂದ.

“ನೋಡಯ್ಯಾ,” ಎಂದರು ಮ್ಯಾನೇಜರು, ಮಾಯಪ್ಪನ ಹೆಗಲ ಮೇಲೆ ಕೈಯಿಟ್ಟು. “ಇಡೀ ಕಂಪನೀಲಿ ಹುಡುಕಿ ಹುಡುಕಿ ನಿನ್ನನ್ನೇ ಆರಿಸಿದ್ದೀನಿ. ಹೊಸದಾಗಿ ಏನೂ ಪ್ರಯತ್ನ ಮಾಡೋಕೆ ಹೋಗಬೇಡ. ನೀನು ಯಾವಾಗಲೂ ಹೇಗಿರ್ತೀಯೋ ಹಾಗೇ ಇರು. ಸಂಜೆ ಬಂದ ಮೇಲೆ ಸ್ಟೋರಿನ ವಿಷಯ ಮಾತಾಡೋಣ.”

ಸ್ಟೋರಿನ ವಿಷಯ! ಸ್ಟೋರ್‌ಕೀಪರು ನಿವೃತ್ತಿಯಾಗುತ್ತಿದ್ದರು. ಆ ಜಾಗಕ್ಕೆ ಇಬ್ಬರು ಕಾದಿದ್ದರು. ಒಬ್ಬ ಮಾಯಪ್ಪ. ಇನ್ನೊಬ್ಬ ಅವನ ಸ್ವಂತ ಬಾಮೈದ, ಹೆಂಡತಿಯ ತಮ್ಮ. ಹೆಂಡತಿಯ ಕಾಟ ತಾಳಲಾರದೆ ಮಾಯಪ್ಪನೇ ಕೈಕಾಲು ಹಿಡಿದು ಅವನನ್ನು ಕಂಪನಿಗೆ ಸೇರಿಸಿದ್ದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ. ಬಾಮೈದ ಬಂದ ದಿನದಿಂದ ಸ್ಟೋರಿನಲ್ಲಿ ಒಂದು ಗುಂಡಿ ಕೂಡ ಕಳೆದಿರಲಿಲ್ಲ. ಅಳೆದು ತೂಗಿ ಮಾತಾಡುವ, ಅಳೆದು ತೂಗಿ ಸೀನುವ ಆಸಾಮಿ ಅವನು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ದಳು: “ರೀ, ಅವನು ನನ್ನ ತಮ್ಮ, ಅವನಿಗೆ ಸಿಕ್ಕಿದ್ರೂ ನನಗೆ ಸಂತೋಷವೇ. ಆದ್ರೆ ಕಟ್ಕೊಂಡ ಗಂಡ ನನ್ನ ತಮ್ಮನ ಮುಂದೆ ಕೈಕಟ್ಟಿ ನಿಂತು ಸಾರ್ ಅನ್ನೋದನ್ನ ಮಾತ್ರ ನಾನು ಕಣ್ಣಲ್ಲಿ ನೋಡಲಾರೆ. ಇವತ್ತೊಂದು ದಿನ ಏನನ್ನೂ ಕಳೀದೆ ಬನ್ನಿ, ನಿಮ್ಮ ದಮ್ಮಯ್ಯ.”

ಮಾಯಪ್ಪ ಹಗ್ಗವನ್ನು ಮುಂಗೈಗೆ ಸುತ್ತಿದ. ಸಾಲದೆಂದು ಇನ್ನೊಮ್ಮೆ ಸುತ್ತಿದ. ಬೆರಳುಗಳು ಬಿಳಿಚಿಕೊಂಡವು.

“ಅಷ್ಟು ಬಿಗಿಯಾಗಿ ಯಾಕಯ್ಯಾ? ಸ್ವಲ್ಪ ಸಡಿಲ ಬಿಡು, ಪಾಪ,” ಎಂದರು ಮ್ಯಾನೇಜರು. “ಮತ್ತೆ ಮೆಟ್ಟಿಲ ದಾರೀಲಿ ಜನ ಜಾಸ್ತಿ, ದೊರೆಗೆ ಗಾಬರಿ ಆಗುತ್ತೆ. ನೀವಿಬ್ಬರೂ ಆ ಹಿಂದಿನ ಕಾಲುದಾರೀಲಿ ಬನ್ನಿ. ಅವಸರ ಏನಿಲ್ಲ.”

ಮಾಯಪ್ಪನ ಕಣ್ಣು ಒದ್ದೆಯಾದವು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಅವನ ಮೇಲೆ ಇಷ್ಟು ನಂಬಿಕೆ ಇಟ್ಟಿರಲಿಲ್ಲ. ಮ್ಯಾನೇಜರ ಹೆಂಡತಿಗೆ ಮೊಣಕಾಲು ನೋವು, ಆಕೆ ಬಸ್ಸಿನ ಹತ್ತಿರವೇ ಉಳಿಯುವವಳು. ದೊರೆಯ ಹಣೆಗೆ ಮುತ್ತಿಟ್ಟು, “ನನ್ನ ಜೀವಾನೇ ನಿನ್ನ ಕೈಗೆ ಕೊಡ್ತಿದ್ದೀನಿ ಕಣಪ್ಪಾ,” ಎಂದಳು. ಹೊಲಿಗೆಯಕ್ಕ ಓಡಿಬಂದು ಹೊಟ್ಟೆಪಟ್ಟಿ ಎಳೆದು ನೋಡಿ, “ನನ್ನ ಹೊಲಿಗೆ ಬಿಚ್ಚಲ್ಲ. ನಿನ್ನ ಕೈ ಬಿಚ್ಚದಿದ್ರೆ ಸಾಕು,” ಎಂದು ಎಚ್ಚರಿಸಿದಳು.

ಕಾಲುದಾರಿ ಪೊದೆಗಳ ನಡುವೆ ಬೆಟ್ಟದ ಹಿಂಬದಿಗೆ ಸುತ್ತಿಕೊಂಡು ಹೋಗುತ್ತಿತ್ತು. ಮೊದಮೊದಲು ದೊರೆ ದೊರೆಯಂತೆಯೇ ನಡೆದ. ಎರಡು ಹೆಜ್ಜೆ ಇಡುವುದು, ಕೂರುವುದು. ಅವನ ಪಕ್ಕೆಯ ಜೇಬುಗಳು ಬಸುರಿ ಹೊಟ್ಟೆಯಂತೆ ಉಬ್ಬಿ ಓಲಾಡುತ್ತಿದ್ದವು. ಮಾಯಪ್ಪ ಹಿಂದೆ, ಮುಂದೆ, ಪಕ್ಕಕ್ಕೆ ನೋಡುತ್ತ, ಆಗಾಗ ಹಗ್ಗ ಮುಟ್ಟಿ ನೋಡಿಕೊಳ್ಳುತ್ತ, “ಬಾರಪ್ಪ ದೊರೆ, ನನ್ನಪ್ಪ ಅಲ್ವಾ,” ಎಂದು ಗೋಗರೆಯುತ್ತ ಸಾಗಿದ. ಇಷ್ಟು ಹೊತ್ತು ಯಾವ ವಸ್ತುವೂ ಅವನ ಕೈಯಲ್ಲಿ ನಿಂತ ಇತಿಹಾಸವಿಲ್ಲ.

ಆಗ ಬಲಗಾಲಿನ ಶೂ ಒಳಗೆ ಒಂದು ಕಲ್ಲು ಸೇರಿತು. ನೋಡಿ, ಹಣೆಬರಹ ಅನ್ನುವುದು ಎಷ್ಟು ಚಿಕ್ಕದಾಗಿ ಬರುತ್ತದೆ! ಮಾಯಪ್ಪ ತಡೆದುಕೊಂಡ. ಕುಂಟಿದ. ಕೊನೆಗೆ ಆಗಲಿಲ್ಲ. ಹಗ್ಗ ಹಿಡಿದ ಕೈಯಲ್ಲಿ ಶೂ ಬಿಚ್ಚುವುದು ಹೇಗೆ? ಬಿಟ್ಟರೆ ಕೆಟ್ಟೆ. ಆದ್ದರಿಂದ ಬಹಳ ಯೋಚನೆ ಮಾಡಿ, ಬುದ್ಧಿವಂತನಂತೆ, ಹಗ್ಗದ ತುದಿಯನ್ನು ತನ್ನ ಬೆನ್ನುಚೀಲಕ್ಕೆ ಗಂಟು ಹಾಕಿದ. ಒಂದು ಗಂಟಲ್ಲ, ಗಂಟಿನ ಮೇಲೆ ಗಂಟು. ನೀರಿನ ಬಾಟಲಿ, ಊಟ, ಸ್ವೆಟರು, ಮನೆಯ ಬೀಗದಕೈ ಎಲ್ಲ ತುಂಬಿದ್ದ ಭಾರದ ಚೀಲ. ಅದನ್ನು ನೆಲದ ಮೇಲಿಟ್ಟು, ನಿಶ್ಚಿಂತೆಯಿಂದ ಶೂ ಕಳಚಿದ.

ಪೊದೆಯಿಂದ ಒಂದು ಮೊಲ ಚಂಗನೆ ನೆಗೆಯಿತು.

ಎರಡು ಹೆಜ್ಜೆಗೊಮ್ಮೆ ಕೂರುತ್ತಿದ್ದ ದೊರೆ ಬಾಣ ಬಿಟ್ಟಂತೆ ಹೊರಟ. ಅವನ ಹಿಂದೆ ಹಗ್ಗ, ಹಗ್ಗದ ಹಿಂದೆ ಮಾಯಪ್ಪನ ಚೀಲ, ಅದರ ಹಿಂದೆ ಧೂಳು. ಮಾಯಪ್ಪ ಶೂ ಕೈಯಲ್ಲಿ ಹಿಡಿದು ಒಂಟಿಕಾಲಲ್ಲಿ ನಿಂತೇ ಇದ್ದ. ಧೂಳು ಕೆಳಗಿಳಿಯುವಷ್ಟರಲ್ಲಿ ನಾಯಿಯೂ ಇಲ್ಲ, ಚೀಲವೂ ಇಲ್ಲ.

“ದೊರೇ!” ಎಂದು ಕೂಗಲು ಬಾಯಿ ತೆರೆದವನು ಗಬಕ್ಕನೆ ಮುಚ್ಚಿಕೊಂಡ. ಕೂಗಿದರೆ ಮೇಲಿನ ದಾರಿಯವರಿಗೆಲ್ಲ ಗೊತ್ತಾಗುತ್ತದೆ! ಆದ್ದರಿಂದ ಪಿಸುಮಾತಿನಲ್ಲಿ, “ದೊರೆ... ದೊರೆ...” ಎನ್ನುತ್ತ ಓಡತೊಡಗಿದ. ಪಿಸುಮಾತಿನಲ್ಲಿ ನಾಯಿ ಕರೆದವರು ಪ್ರಪಂಚದಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಓಡುವ ಭರದಲ್ಲಿ ಕೈಯಲ್ಲಿದ್ದ ಶೂ ಎಲ್ಲಿ ಬಿತ್ತೋ ಅದೂ ತಿಳಿಯಲಿಲ್ಲ.

ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜಿ ಸಿಕ್ಕಳು.

“ಅಜ್ಜೀ, ಈ ಕಡೆ ಒಂದು ನಾಯಿ ಹೋಯ್ತಾ?”

“ಹೋಯ್ತಪ್ಪಾ. ಗಂಟುಮೂಟೆ ಎಲ್ಲಾ ಕಟ್ಕೊಂಡೇ ಹೋಯ್ತು. ಹಿಂದೆ ಇನ್ನೊಂದು ಚೀಲ ಬೇರೆ ಎಳ್ಕೊಂಡು ಹೋಗ್ತಿತ್ತು. ಮನೇಲಿ ಏನಾದ್ರೂ ಜಗಳ ಆಯ್ತಾ?”

“ಜಗಳ ಏನಿಲ್ಲ ಅಜ್ಜಿ.”

“ಸುಮ್ನೆ ಯಾರೂ ಹಂಗೆ ಹೊರಡಲ್ಲ,” ಎಂದಳು ಅಜ್ಜಿ, ಮಾಯಪ್ಪನನ್ನು ಅಪರಾಧಿಯಂತೆ ನೋಡುತ್ತ. “ಊಟಕ್ಕೆ ಸರಿಯಾಗಿ ಹಾಕ್ತಿದ್ಯೋ ಇಲ್ವೋ?”

ಅಷ್ಟರಲ್ಲಿ ಮೇಲಿನಿಂದ ಮಾತು ಕೇಳಿಸಿತು. ಮೆಟ್ಟಿಲ ದಾರಿ ಅಲ್ಲಿ ತಿರುವು ತೆಗೆದುಕೊಂಡು ಕಾಲುದಾರಿಯ ನೆತ್ತಿಯ ಮೇಲೆಯೇ ಹಾದುಹೋಗುತ್ತಿತ್ತು. ಮಾಯಪ್ಪ ದಡಕ್ಕನೆ ಪೊದೆಯ ಹಿಂದೆ ಕೂತ.

“ಏ ಮಾಯಪ್ಪಾ, ಕೆಳಗಿದ್ದೀಯೇನೋ?” ಹೊಲಿಗೆಯಕ್ಕನ ಗಂಟಲು. ಹತ್ತಾರು ಮೆಷಿನ್‌ಗಳ ಸದ್ದನ್ನು ಮೀರಿ ಕೂಗಿ ಪಳಗಿದ ಗಂಟಲು ಅದು.

“ಇದ್ದೀನಿ ಅಕ್ಕಾ!”

“ದೊರೆ?” ಇದು ಮ್ಯಾನೇಜರ ದನಿ.

“ಇ... ಇದ್ದಾನೆ ಸಾರ್! ಚೆನ್ನಾಗಿದ್ದಾನೆ!”

“ಕಾಣ್ತಾನೇ ಇಲ್ವಲ್ಲಯ್ಯಾ?”

ಪ್ರಾಣಸಂಕಟ ಬಂದಾಗ ಮನುಷ್ಯ ಏನು ಮಾಡುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಮಾಯಪ್ಪ ಎರಡೂ ಕೈ ಬಾಯಿಗೆ ಹಿಡಿದು ಬೊಗಳಿದ. ಒಮ್ಮೆ ಬೊಗಳಿ, ಸಾಲದೇನೋ ಎಂದು ಇನ್ನೊಮ್ಮೆ ಬೊಗಳಿದ.

ಮೇಲೆ ಹೆಜ್ಜೆಗಳು ನಿಂತವು. ಮಾಯಪ್ಪ ಪೊದೆಯೊಳಗೆ ಇನ್ನಷ್ಟು ಕುಗ್ಗಿ ಕೂತ.

“ಪಾಪ, ಗಂಟಲು ಕಟ್ಟಿದೆ ಅದಕ್ಕೆ. ನೀರು ಕುಡಿಸೋ!” ಎಂದಳು ಹೊಲಿಗೆಯಕ್ಕ. ಮ್ಯಾನೇಜರು ಮಾತ್ರ, “ಓಹ್, ಜೊತೇಲೇ ಇದೆಯಾ,” ಎಂದು ಸಪ್ಪಗೆ ಅಂದದ್ದು ಕೇಳಿಸಿತು. ಹೆಜ್ಜೆಗಳು ದೂರವಾದವು. ಬೀಸುವ ದೊಣ್ಣೆ ತಪ್ಪಿತಲ್ಲ ಎಂದು ಮಾಯಪ್ಪ ನಿಟ್ಟುಸಿರು ಬಿಟ್ಟು ತಿರುಗಿದರೆ, ಹಿಂದೆ ಬಾಮೈದ ನಿಂತಿದ್ದ.

“ಭಾವ,” ಎಂದ ಬಾಮೈದ ನಿಧಾನಕ್ಕೆ. “ಈಗ ಬೊಗಳಿದ್ದು ನೀವೇ ಅಲ್ವಾ?”

“ನೀನು ಯಾಕೋ ಈ ಕಡೆ ಬಂದೆ?”

“ಅಕ್ಕ ಹೇಳಿದ್ಲು, ನಿಮ್ಮ ಮೇಲೆ ಒಂದು ಕಣ್ಣಿಟ್ಟಿರು ಅಂತ. ದೊರೆ ಎಲ್ಲಿ? ನಿಮ್ಮ ಚೀಲ ಎಲ್ಲಿ? ಒಂದು ಶೂ ಎಲ್ಲಿ?”

ಸ್ಟೋರಿನ ಸಾಮಾನು ತಾಳೆ ನೋಡುವಂತೆ ಕೇಳಿದ. ಮಾಯಪ್ಪನ ಸ್ವಾಭಿಮಾನವೆಲ್ಲ ಬೆಟ್ಟದ ಗಾಳಿಗೆ ಹಾರಿಹೋಯಿತು. ಬಾಮೈದನ ಎರಡೂ ಕೈ ಹಿಡಿದುಕೊಂಡ. “ನೋಡಪ್ಪಾ, ಸ್ಟೋರು ಹಾಳಾಗಿ ಹೋಗಲಿ. ಆ ಹೆಂಗಸಿಗೆ ನಾನು ಮುಖ ಹೇಗೆ ತೋರಿಸಲಿ? ಜೀವ ಕೊಡ್ತಿದ್ದೀನಿ ಅಂದ್ಲು ಕಣೋ. ದೊರೆ ಸಿಗೋವರೆಗೆ ಯಾರಿಗೂ ಹೇಳಬೇಡ. ಸಿಕ್ಕಿದ ಮೇಲೂ ಹೇಳಬೇಡ. ನಿನ್ನ ಅಕ್ಕನ ಮೇಲೆ ಆಣೆ ಹಾಕು.”

ಬಾಮೈದ ಯೋಚಿಸಿದ. “ನಾನು ಸುಲಭಕ್ಕೆ ಆಣೆ ಹಾಕಲ್ಲ ಭಾವ. ಹಾಕಿದ್ರೆ ಮಾತ್ರ ತಲೆ ಹೋದ್ರೂ ಮುರಿಯಲ್ಲ.”

“ಅದಕ್ಕೇ ಕೇಳ್ತಿರೋದು ಮಾರಾಯ!”

“ಸರಿ. ಅಕ್ಕನಾಣೆ. ನೀವು ದೊರೆಯನ್ನ ಕಳೆದೇ ಇಲ್ಲ.”

ಇಬ್ಬರೂ ಚೀಲ ಎಳೆದ ಗುರುತು ಹಿಡಿದು ಹೊರಟರು. ಗುರುತು ಪೊದೆ ದಾಟಿ, ಬಂಡೆ ದಾಟಿ, ಬೆಟ್ಟದ ಅಂಚಿನತ್ತ ಹೋಯಿತು. ಅಂಚು ಹತ್ತಿರವಾದಂತೆ ಮಾಯಪ್ಪನ ಹೆಜ್ಜೆ ನಿಧಾನವಾಯಿತು. ಆಗ ಕೇಳಿಸಿತು, ಸಣ್ಣಗೆ, ಕುಂಯ್ ಅನ್ನುವ ದನಿ.

ಬಗ್ಗಿ ನೋಡಿದರೆ ಜೀವ ಬಾಯಿಗೆ ಬಂತು. ಅಂಚಿನಿಂದ ಆಳುದ್ದ ಕೆಳಗೆ ಒಂದು ಕಿರಿದಾದ ಕಲ್ಲಿನ ಹಾಸು. ಅದರ ಕೊನೆಯಲ್ಲಿ ದೊರೆ, ಮುಂದಿನ ಕಾಲೆರಡೂ ಬಂಡೆಗೆ ಒತ್ತಿ ಹಿಡಿದು ನಿಂತಿದ್ದ. ಬೆನ್ನಿನ ಚೀಲದ ಹಿಡಿಕೆ ಒಂದು ಒಣಗಿದ ಮರದ ಬುಡಕ್ಕೆ ಸಿಕ್ಕಿಕೊಂಡಿತ್ತು. ಅದೊಂದೇ ಅವನನ್ನು ಹಿಡಿದಿತ್ತು. ಕೊರಳಿನ ಹಗ್ಗ ಕೆಳಗೆ ಕಣಿವೆಗೆ ಜೋತುಬಿದ್ದಿತ್ತು, ಅದರ ತುದಿಯಲ್ಲಿ ಮಾಯಪ್ಪನ ಭಾರದ ಚೀಲ ಗಾಳಿಗೆ ತೂಗಾಡುತ್ತಿತ್ತು. ಭದ್ರವಾಗಿರಲೆಂದು ತಾನೇ ಹಾಕಿದ ಗಂಟು ಈಗ ನಾಯಿಯ ಕೊರಳು ಹಿಡಿದು ಕೆಳಕ್ಕೆಳೆಯುತ್ತಿದೆ! ಮಾಯಪ್ಪನಿಗೆ ಅಳು ಬಂತು.

“ಭಾವ, ಹೋಗಿ ಎಲ್ಲರನ್ನೂ ಕರ್ಕೊಂಡು ಬರ್ತೀನಿ.”

“ಅಷ್ಟರಲ್ಲಿ ಹೊಲಿಗೆ ಬಿಚ್ಚಿದ್ರೆ? ನನ್ನ ಕಾಲು ಹಿಡ್ಕೋ. ನಾನೇ ಇಳೀತೀನಿ.”

ಮಾಯಪ್ಪ ಹೊಟ್ಟೆ ನೆಲಕ್ಕೆ ಹಚ್ಚಿ ಅಂಚಿನ ಆಚೆಗೆ ತಲೆಕೆಳಗಾಗಿ ಜಾರಿದ. ಬಾಮೈದ ಎರಡೂ ಕಣಕಾಲು ಹಿಡಿದ.

“ಭಾವ, ನಿಮ್ಮ ತೂಕ ಎಷ್ಟು?”

“ಈಗ ಯಾಕೋ ಅದು!”

“ಹಿಡ್ಕೊಂಡಿರೋನು ನಾನಲ್ವಾ, ಗೊತ್ತಿರಬೇಕಲ್ಲ.”

ಮಾಯಪ್ಪನ ಎಡಗೈ ದೊರೆಯ ಚೀಲಕ್ಕೆ ತಾಗಿತು. ಅದೇ ಹೊತ್ತಿಗೆ ಪರ್ರ್ ಎಂದು ಒಂದು ಜೇಬಿನ ಬಾಯಿ ಹರಿಯಿತು. ಬಿಸ್ಕತ್ತಿನ ಪೊಟ್ಟಣಗಳು ಒಂದರ ಹಿಂದೊಂದು ಕಣಿವೆಗೆ ಉದುರಿದವು. ದೊರೆ ಅವುಗಳ ಹಿಂದೆ ಹೋಗಲು ಒಮ್ಮೆ ಮಿಸುಕಾಡಿದ.

“ಬೇಡ ದೊರೆ! ನಾನು ಕೊಡಿಸ್ತೀನಿ! ನನ್ನಪ್ಪಾ, ಅಲ್ಲಾಡಬೇಡ!”

ಬಲಗೈಯಿಂದ ಹಗ್ಗ ಮೇಲಕ್ಕೆಳೆದು ಗಂಟು ಬಿಚ್ಚಲು ನೋಡಿದ. ಬಿಚ್ಚುವುದೇ? ಜೀವಮಾನದಲ್ಲಿ ಒಮ್ಮೆ ಅಚ್ಚುಕಟ್ಟಾಗಿ ಹಾಕಿದ ಗಂಟು ಅದು. ಉಗುರು ಮುರಿಯಿತು. ಹಲ್ಲು ಹಚ್ಚಿದ. ಮೇಲಿಂದ ಬಾಮೈದ, “ಭಾವ, ನನ್ನ ಕೈ ಬೆವರ್ತಿದೆ,” ಎಂದ. ಮಾಯಪ್ಪ ಕಣ್ಣು ಮುಚ್ಚಿ ಕಚ್ಚಿ ಎಳೆದ. ಗಂಟು ಸಡಿಲಿತು. ಚೀಲ ಸುಮ್ಮನೆ ಕಳಚಿಕೊಂಡು ಕೆಳಗೆ ಹೋಯಿತು. ಊಟ, ಸ್ವೆಟರು, ಮನೆಯ ಬೀಗದಕೈ, ಎಲ್ಲ. ಬಹಳ ಹೊತ್ತಿನ ಮೇಲೆ ಎಲ್ಲೋ ಆಳದಲ್ಲಿ ದೊಪ್ಪೆಂದಿತು.

ಮತ್ತೆ ಹೇಗೆ ಎಳೆದರೋ, ಯಾರು ಯಾರನ್ನು ಎಳೆದರೋ, ಸ್ವಲ್ಪ ಹೊತ್ತಿನಲ್ಲಿ ಮೂವರೂ ಅಂಚಿನ ಮೇಲೆ ಒಂದೇ ರಾಶಿಯಾಗಿ ಬಿದ್ದು ಏದುಸಿರು ಬಿಡುತ್ತಿದ್ದರು. ದೊರೆ ಮಾಯಪ್ಪನ ಮುಖವನ್ನು ಕಿವಿಯಿಂದ ಕಿವಿಯವರೆಗೆ ನೆಕ್ಕಿದ. ಮಾಯಪ್ಪ ಅವನನ್ನು ಅಪ್ಪಿಕೊಂಡು ಗಳಗಳ ಅತ್ತುಬಿಟ್ಟ.

ಬಾಮೈದ ಉಳಿದ ಜೇಬಿನೊಳಗೆ ಕೈಹಾಕಿ ನೋಡುತ್ತಿದ್ದ. ಅವನ ಅಭ್ಯಾಸ ಎಲ್ಲಿ ಹೋಗುತ್ತದೆ? “ಭಾವ, ಇಲ್ಲಿ ಇನ್ನೂ ಒಂದು ವಾರಕ್ಕಾಗೋ ಬಿಸ್ಕತ್ತಿದೆ. ಹೊದಿಕೆ ಇದೆ. ಊಟದ ತಟ್ಟೆ ಇದೆ. ಒಂದು ದಿನದ ಚಾರಣಕ್ಕೆ ಇಷ್ಟೆಲ್ಲಾ ಯಾಕೆ?”

“ಪ್ರೀತಿ ಕಣೋ, ಪ್ರೀತಿ,” ಎಂದ ಮಾಯಪ್ಪ ಮೂಗೊರೆಸಿಕೊಂಡು. “ನಿನಗೆ ಅರ್ಥ ಆಗಲ್ಲ.”

ದೊರೆ ಇನ್ನು ಒಂದು ಹೆಜ್ಜೆಯೂ ಇಡುವುದಿಲ್ಲವೆಂದು ನಾಲ್ಕೂ ಕಾಲು ಚಾಚಿ ಮಲಗಿದ. ಬೇರೆ ದಾರಿಯಿರಲಿಲ್ಲ. ಹರಿದ ಚೀಲವನ್ನು ಮಾಯಪ್ಪ ಬೆನ್ನಿಗೆ ಕಟ್ಟಿಕೊಂಡ, ದೊರೆಯನ್ನು ಹೆಗಲ ಮೇಲೆ ಹಾಕಿಕೊಂಡ, ಶೂ ಇಲ್ಲದ ಕಾಲಿಗೆ ಬಾಮೈದನ ಕರವಸ್ತ್ರ ಸುತ್ತಿಕೊಂಡ. ಹಾಗೆ ಇಳಿಯತೊಡಗಿದ. ಅವರವರ ಹೊರೆ ಅವರವರೇ ಹೊರಬೇಕೆನ್ನುವ ಕಾನೂನು ಆ ದಾರಿಯಲ್ಲಿ ಚಾಲ್ತಿಯಲ್ಲಿರಲಿಲ್ಲ. ಬಸ್ಸು ಕಣ್ಣಿಗೆ ಬೀಳುವ ತಿರುವಿನಲ್ಲಿ ನಾಯಿಯನ್ನು ಇಳಿಸಿ, ಧೂಳು ಕೊಡವಿ, ಚೀಲವನ್ನು ಮತ್ತೆ ಅವನ ಬೆನ್ನಿಗೆ ಕಟ್ಟಿದ.

ಬುಡದಲ್ಲಿ ಎಲ್ಲರೂ ಬಂದು ಕಾದಿದ್ದರು. ಎಷ್ಟು ಹೊತ್ತಾದರೂ ದೊರೆ ಬರಲಿಲ್ಲವೆಂದು ಮ್ಯಾನೇಜರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಮ್ಯಾನೇಜರು ಆಕೆಯ ಬೆನ್ನು ಸವರುತ್ತ, “ಸಮಾಧಾನ ಮಾಡ್ಕೋ. ಹೋದವರು ಹೋದರು. ನಾವು ಗಟ್ಟಿ ಮನಸ್ಸು ಮಾಡ್ಕೋಬೇಕು,” ಎನ್ನುತ್ತಿದ್ದರು.

ಅಷ್ಟರಲ್ಲಿ ಚೀಲ ಹೊತ್ತ ದೊರೆ ಬಾಲ ಆಡಿಸುತ್ತ, ಗತ್ತಿನಿಂದ ನಡೆದು ಬಂದ.

ಆಮೇಲೆ ಆದದ್ದು ಕೇಳಬೇಡಿ. ಚಪ್ಪಾಳೆ, ಕೇಕೆ, ಶಿಳ್ಳೆ. ಹೊಲಿಗೆಯಕ್ಕ ಮೊದಲು ಚೀಲದ ಹರಿದ ಬಾಯಿ ನೋಡಿ ಬೈದು, ಆಮೇಲೆ ಮಾಯಪ್ಪನ ಕಾಲು ನೋಡಿ ಕಣ್ಣೊರೆಸಿಕೊಂಡಳು. ಮ್ಯಾನೇಜರ ಹೆಂಡತಿ ಅವನ ಕೈ ಹಿಡಿದು, “ನೀನು ನನ್ನ ಒಡಹುಟ್ಟಿದವನಪ್ಪಾ,” ಎಂದಳು. “ಇನ್ನು ಪ್ರತಿ ಭಾನುವಾರ ದೊರೆ ನಿನ್ನ ಜೊತೇಲೇ ಬೆಟ್ಟಕ್ಕೆ ಬರ್ತಾನೆ. ಬೇರೆ ಯಾರ ಕೈಗೂ ಕೊಡಲ್ಲ.” ಹಾಗೆಂದು ಹಗ್ಗವನ್ನು ಮತ್ತೆ ಅವನ ಎರಡೂ ಕೈಯಲ್ಲಿ ಇಟ್ಟಳು.

ಮ್ಯಾನೇಜರು ಮಾತ್ರ ಕಣ್ಸನ್ನೆ ಮಾಡಿ ಮಾಯಪ್ಪನನ್ನು ಬಸ್ಸಿನ ಹಿಂದಕ್ಕೆ ಕರೆದೊಯ್ದರು. ಮಾಯಪ್ಪ ದೊರೆಯ ಸಮೇತ ಹೋದ. ಎದೆ ಉಬ್ಬಿಬಂದಿತ್ತು. ಸ್ಟೋರ್‌ಕೀಪರ್! ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

“ಏನಯ್ಯಾ ಇದು?” ಎಂದರು ಮ್ಯಾನೇಜರು. ಬೆರಳು ದೊರೆಯತ್ತ ಚಾಚಿತ್ತು.

“ನಿಮ್ಮ ಆಶೀರ್ವಾದ ಸಾರ್.”

“ಆಶೀರ್ವಾದವಂತೆ! ನನ್ನ ಮಂಚದ ಮೇಲೆ ಈ ನಾಯಿ ಮಲಗುತ್ತೆ, ನಾನು ನೆಲದ ಮೇಲೆ ಮಲಗ್ತೀನಿ, ಗೊತ್ತಾ? ನನ್ನ ಮನೇಲಿ ಊಟ ಮೊದಲು ಇದಕ್ಕೆ, ಮಿಕ್ಕಿದ್ರೆ ನನಗೆ. ಬೆಟ್ಟದ ಆ ಕಡೆ ತೋಟದವನಿಗೆ ಹೇಳಿಟ್ಟಿದ್ದೆ, ಒಂದು ಒಳ್ಳೇ ಜಾತಿ ನಾಯಿ ತಪ್ಪಿಸ್ಕೊಂಡು ಬರುತ್ತೆ, ಮಕ್ಕಳ ಹಾಗೆ ನೋಡ್ಕೋ ಅಂತ. ಹೋದ ತಿಂಗಳು ನಿನ್ನ ಬಾಮೈದನ ಕೈಗೆ ಕೊಟ್ಟು ನೋಡಿದೆ. ಸ್ನಾನ ಮಾಡಿಸಿ ವಾಪಸ್ ತಂದ! ಕೊನೆಗೆ ಇಡೀ ಕಂಪನೀಲಿ ಕಳೆಯೋಕೆ ಅಂತಲೇ ಹುಟ್ಟಿದವನು ಒಬ್ಬ ಇದ್ದಾನೆ, ಅವನೇ ಗತಿ ಅಂತ ನಿನ್ನನ್ನ ನಂಬಿದೆ. ಏಣಿ ಕಳೀತೀಯ! ಜುಜುಬಿ ಒಂದು ನಾಯಿ ಕಳೆಯೋಕಾಗಲಿಲ್ವಾ? ಇದನ್ನ ಕಳೆದು ಬಂದಿದ್ರೆ ನಾಳೆ ಬೆಳಿಗ್ಗೆ ಸ್ಟೋರು ನಿನ್ನದಾಗಿತ್ತು. ಛತ್ರಿ ಕಳೆದರೆ ಕಳೀಲಿ, ಕಂಪನೀದು ತಾನೇ, ಅಂತ ತೀರ್ಮಾನ ಮಾಡಿದ್ದೆ ಕಣೋ!”

ಮಾಯಪ್ಪ ಹುಲ್ಲುಕಡ್ಡಿ ಕಂಡ ಮುಳುಗುವವನಂತೆ ಕೂಗಿದ.

“ಸಾರ್! ಕಳೆದಿದ್ದೆ ಸಾರ್! ನಿಜವಾಗ್ಲೂ ಕಳೆದಿದ್ದೆ!”

“ಸಾಕು ಸುಮ್ನಿರು. ನಾನೇ ಕಿವಿಯಾರೆ ಕೇಳಿದ್ದೀನಿ ಅದು ಬೊಗಳಿದ್ದು.”

“ಅದು ಬೊಗಳಿದ್ದು ನಾನು ಸಾರ್! ಬೇಕಾದ್ರೆ ಈಗಲೂ ಬೊಗಳಿ ತೋರಿಸ್ತೀನಿ!”

“ಕೆಲಸಕ್ಕೋಸ್ಕರ ಎಂಥಾ ಸುಳ್ಳು ಹೇಳ್ತೀಯಯ್ಯಾ!”

“ದೇವರಾಣೆ ಸಾರ್. ಸಾಕ್ಷಿ ಇದೆ. ಲೋ, ಬಾರೋ ಇಲ್ಲಿ!”

ಬಾಮೈದ ಬಂದು ನೆಟ್ಟಗೆ ನಿಂತ.

“ನಿಜ ಹೇಳು,” ಎಂದರು ಮ್ಯಾನೇಜರು. “ನಿಮ್ಮ ಭಾವ ಇವತ್ತು ದೊರೆಯನ್ನ ಕಳೆದಿದ್ನಾ?”

ಮಾಯಪ್ಪ ಹೇಳು, ಹೇಳು ಎಂದು ಕಣ್ಣು ಹುಬ್ಬು ಎಲ್ಲ ಕುಣಿಸಿದ. ಬಾಮೈದ ಅದನ್ನೆಲ್ಲ ನೋಡಿದ. ಭಾವ ಹೆದರಿದ್ದಾರೆ, ಪಾಪ, ಎಂದುಕೊಂಡನೋ ಏನೋ. ನಾನಿದ್ದೀನಿ ಎನ್ನುವಂತೆ ಸಣ್ಣಗೆ ತಲೆಯಾಡಿಸಿ ಧೈರ್ಯ ಹೇಳಿದ.

“ಛೆ ಛೆ, ಇಲ್ಲ ಸಾರ್. ನಮ್ಮ ಅಕ್ಕನಾಣೆಗೂ ಇಲ್ಲ. ಭಾವ ಬೆಳಿಗ್ಗೆಯಿಂದ ಒಂದು ಕ್ಷಣ ಕೂಡ ಹಗ್ಗ ಬಿಟ್ಟಿಲ್ಲ.”

ಮ್ಯಾನೇಜರು ದೀರ್ಘವಾಗಿ ಉಸಿರೆಳೆದುಕೊಂಡು ಬಾಮೈದನ ಬೆನ್ನು ತಟ್ಟಿದರು. “ಸ್ವಂತ ಭಾವನ ಮುಖ ಕೂಡ ನೋಡದೆ ಇದ್ದದ್ದನ್ನ ಇದ್ದ ಹಾಗೆ ಹೇಳಿದೆಯಲ್ಲ. ಸ್ಟೋರಿಗೆ ಇಂಥವನೇ ಬೇಕು. ನಾಳೆಯಿಂದ ನೀನೇ ನೋಡ್ಕೋ.”

ಮಾಯಪ್ಪನಿಗೆ ಬಾಮೈದನ ಕೊರಳಪಟ್ಟಿ ಹಿಡಿದು ನಾಲ್ಕು ಬಾರಿಸಬೇಕೆನಿಸಿತು. ಆದರೆ ಎರಡೂ ಕೈಯಲ್ಲಿ ದೊರೆಯ ಹಗ್ಗವಿತ್ತು. ಬಿಡಲು ಧೈರ್ಯ ಬರಲಿಲ್ಲ.